ಹಗ್ಗ ಇದೆ, ಹಸು ಎಲ್ಲಿ?

ಪ್ರಿಯ ಡಾಕ್ಟರಮ್ಮ,

ಊರವರು ನಿಮ್ಮನ್ನು ಹೀಗೇ ಕರೆಯುತ್ತಾರೆ ಎಂದು ಬರೆದಿದ್ದಿರಿ. ನಾನೂ ಹಾಗೇ ಕರೆಯುತ್ತೇನೆ. ನಿಮ್ಮ 'ಪಶು ಚಿಕಿತ್ಸೆಯಲ್ಲಿ ಪ್ರಾಣಿ ನಿರ್ಬಂಧನ ವಿಧಾನಗಳು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ದನ ಹಿಡಿಯುವ ಬಗ್ಗೆ ರೈತರು ಕೂತು ಓದುವಂಥ ಬರಹ ಕನ್ನಡಕ್ಕೆ ಬೇಕು. ಅದನ್ನು ನೀವು ಬರೆಯಬಲ್ಲಿರಿ. ಅದಕ್ಕೇ ಈ ಉದ್ದದ ಪತ್ರ.

ಲೇಖನದಲ್ಲಿ ಹಗ್ಗ ಇದೆ, ಗಂಟು ಇದೆ, ದನ ನಿಲ್ಲಿಸಿ ಕಟ್ಟುವ ಕಂಬಗಳ ಚೌಕಟ್ಟು, ಅಂದರೆ ಟ್ರೆವಿಸ್ಸಿನ ಅಳತೆ ಇದೆ. ಹಸು ಇಲ್ಲ. ಎಂಟು ಪುಟದಲ್ಲಿ ಒಂದು ದನವೂ ಕಿವಿ ಅಲ್ಲಾಡಿಸುವುದಿಲ್ಲ. ಹೆದರಿದ ದನ ತಲೆ ಮೇಲೆತ್ತುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ, ಮತ್ತೆ ಮತ್ತೆ ಸಗಣಿ ಹಾಕುತ್ತದೆ. ನೀವು ದಿನಾ ನೋಡುವುದು ಇದನ್ನೇ ಅಲ್ವಾ? ಸೂಜಿ ಚುಚ್ಚುವ ಮೊದಲು ಮನೆಯವರು ಏನು ನೋಡಬೇಕು ಎಂದು ಹೇಳಿದ್ದರೆ ಅರ್ಧ ಲೇಖನ ಅಲ್ಲೇ ಆಗುತ್ತಿತ್ತು.

'ಪ್ರಾಣಿಯನ್ನು ನಿಯಂತ್ರಣಕ್ಕೆ ಒಳಪಡಿಸಲಾಗುತ್ತದೆ' ಎಂಬ ಮಾತು ಹನ್ನೊಂದು ಕಡೆ ಬಂದಿದೆ. ಒಳಪಡಿಸುವುದು ಯಾರು? ಕೊಟ್ಟಿಗೆಯಲ್ಲಿ ನೀವು ಹೀಗೆ ಮಾತಾಡುವುದಿಲ್ಲ. "ಅಣ್ಣಾ, ಮೂಗುದಾರ ಹತ್ತಿರ ಹಿಡ್ಕೊ, ತಲೆ ಆ ಕಡೆ ತಿರುಗಿಸು" ಅನ್ನುತ್ತೀರಿ. ಹಾಗೇ ಬರೆಯಿರಿ. ಹಿಡಿಯೋದು, ಕಟ್ಟೋದು, ಕೆಡವೋದು ಎಂದು ನಮ್ಮ ಜನ ಸಾವಿರ ವರ್ಷದಿಂದ ಹೇಳಿಕೊಂಡು ಬಂದಿರುವಾಗ 'ನಿರ್ಬಂಧನ' ಯಾಕೆ?

ಐದನೇ ಪುಟದಲ್ಲಿ ಒಬ್ಬ ಅಜ್ಜಿ ಬರುತ್ತಾರೆ. ಮೂರು ಜನ ಗಂಡಸರು ಹಿಡಿದರೂ ನಿಲ್ಲದ ಹಸುವಿನ ತಲೆಯ ಹತ್ತಿರ ಹೋಗಿ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಕೆರೆಯುತ್ತಾ ನಿಲ್ಲುತ್ತಾರೆ. ಗಂಡಸರನ್ನು ದೂರ ಹೋಗಿ ಅನ್ನುತ್ತಾರೆ. ಹಸು ಕುತ್ತಿಗೆ ಚಾಚುತ್ತದೆ. ನೀವು ಇಂಜೆಕ್ಷನ್ ಕೊಟ್ಟು ಸೂಜಿ ತೆಗೆದದ್ದೇ ಅದಕ್ಕೆ ಗೊತ್ತಾಗುವುದಿಲ್ಲ. ಇದಕ್ಕೆ ನೀವು ಕೊಟ್ಟಿರುವುದು ಎರಡು ವಾಕ್ಯ! ಡಾಕ್ಟರಮ್ಮ, ನಿಮ್ಮ ಲೇಖನ ಇದೇ. ಇಲ್ಲಿಂದ ಶುರು ಮಾಡಿ. ಹೆಂಗಸು ದನ ಹಿಡಿಯಬಲ್ಲಳಾ ಎಂದು ಮೊದಲ ವಾರ ಊರಲ್ಲಿ ಕೇಳಿದರಂತೆ. ಅವರಿಗೆ ಉತ್ತರವೂ ಇದರಲ್ಲೇ ಸಿಗುತ್ತದೆ.

ಆಮೇಲೆ ಯಾಕೆ ಹಾಗಾಯಿತು ಎಂದು ವಿವರಿಸಿ. ದನದ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಅದು ಸುತ್ತಲೂ ನೋಡಬಲ್ಲದು. ತನ್ನ ಬೆನ್ನ ಹಿಂದೆ ನೇರವಾಗಿ ನಿಂತವರು ಮಾತ್ರ ಕಾಣುವುದಿಲ್ಲ. ಅಲ್ಲಿಂದ ಬಂದು ಮುಟ್ಟಿದರೆ ಬೆಚ್ಚಿ ಒದೆಯುತ್ತದೆ. ಭುಜದ ಕಡೆಯಿಂದ, ಮಾತಾಡಿಸುತ್ತಾ ಬಂದರೆ ಸುಮ್ನೆ ನಿಲ್ಲುತ್ತದೆ. ಭುಜದ ಹಿಂದೆ ನಿಂತರೆ ದನ ಮುಂದಕ್ಕೆ ಹೆಜ್ಜೆ ಇಡುತ್ತದೆ, ಭುಜದ ಮುಂದೆ ನಿಂತರೆ ಹಿಂದಕ್ಕೆ ಸರಿಯುತ್ತದೆ. ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ದನಗಳು ಹೋಗುವ ಓಣಿಯಲ್ಲಿ ತಾವೇ ಬಗ್ಗಿ ನಡೆದು, ದನದ ಕಣ್ಣಿನ ಮಟ್ಟದಲ್ಲಿ ಏನು ಕಾಣುತ್ತದೆ ಎಂದು ನೋಡಿದರು. ಒಂದು ನೆರಳು, ನೇತಾಡುವ ಸರಪಳಿ, ನೀರು ಬಿದ್ದು ಹೊಳೆಯುವ ನೆಲ, ಇಷ್ಟು ಸಾಕು ದನ ನಿಂತುಬಿಡಲು. ನಿಮ್ಮ ಆಸ್ಪತ್ರೆಯ ಟ್ರೆವಿಸ್ಸಿನ ಮುಂದೆ ಬಗ್ಗಿ ನಿಂತು ನೋಡಿ. ಕಂಬಕ್ಕೆ ಯಾರೋ ಟವೆಲ್ ನೇತುಹಾಕಿರಬಹುದು. ನೋಡಿದ್ದನ್ನು ಬರೆಯಿರಿ.

ಇನ್ನು ತಪ್ಪುಗಳು. 'ಜಾನುವಾರುಗಳು ಹಿಂದಕ್ಕೆ ಒದೆಯುತ್ತವೆ, ಆದ್ದರಿಂದ ಪಕ್ಕದಲ್ಲಿ ನಿಲ್ಲಿ' ಎಂದಿದ್ದೀರಿ. ಹಿಂದಕ್ಕೆ ಝಾಡಿಸುವುದು ಕುದುರೆ. ಹಸು ಹಿಂದಿನ ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ತೊಡೆಯ ಪಕ್ಕ ನಿಂತವರಿಗೇ ಏಟು ಜಾಸ್ತಿ. ನಿಮಗೆ ಇದು ಚೆನ್ನಾಗಿ ಗೊತ್ತು. ಯಾಕೆಂದರೆ ಕಡಸು ಒದ್ದು ಮಂಡಿ ಊದಿ ಎರಡು ವಾರ ಮನೆಯಲ್ಲಿದ್ದೆ ಎಂದು ಲೇಖನದ ಜೊತೆಗಿನ ಪತ್ರದಲ್ಲಿ ನೀವೇ ಬರೆದಿದ್ದೀರಿ. ಎಲ್ಲಿ ನಿಂತಿದ್ದಿರಿ, ಕಡಸು ಅದಕ್ಕೆ ಮೊದಲು ಏನು ಮಾಡಿತು, ಅದು ಲೇಖನದಲ್ಲಿ ಬರಬೇಕು. ಪುಸ್ತಕದ ಸಾಲು ಹೋಗಲಿ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎನ್ನುವುದನ್ನು ಕೊನೆಯ ಪುಟದಲ್ಲಿ, ಆವರಣದೊಳಗೆ ಹಾಕಿದ್ದೀರಿ. ನನಗೆ ಹನ್ನೆರಡು ವರ್ಷವಾಗಿದ್ದಾಗ ನಮ್ಮೂರ ಅರಳಿಕಟ್ಟೆಯ ಹತ್ತಿರ ದನಗಳಿಗೆ ಲಸಿಕೆ ಹಾಕುತ್ತಿದ್ದರು. ನಮ್ಮ ಮನೆಯ ಕಡಸನ್ನು ನಾನೇ ಹಿಡಿದಿದ್ದೆ. ಬಿಟ್ಟು ಹೋಗದಿರಲಿ ಎಂದು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಬಸ್ಸು ಹಾರ್ನ್ ಹೊಡೆಯಿತು. ಕಡಸು ಓಡಿತು. ಹಗ್ಗ ಬಿಗಿಯಾಯಿತೇ ಹೊರತು ಬಿಚ್ಚಲಿಲ್ಲ. ಅಷ್ಟು ದೂರ ಮುಖ ಕೆಳಗಾಗಿ ಎಳೆದುಕೊಂಡು ಹೋಯಿತು. ಬಲಗೈ ಉಂಗುರದ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಹಗ್ಗವನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿ, ಎಳೆದರೆ ಬಿಟ್ಟುಬಿಡು ಎಂದು ಯಾರೂ ಹೇಳಿರಲಿಲ್ಲ. ಈ ಮಾತು ಮೊದಲ ಪುಟದಲ್ಲೇ ಇರಲಿ. ಈಗಲೂ ದನ ಹಿಡಿಯಲು ಬರುವವರಲ್ಲಿ ಮಕ್ಕಳೇ ಜಾಸ್ತಿ.

ದನ ಕೆಡವುವ ವಿಧಾನ ಬರೆದಿದ್ದೀರಿ. ಸುಮಾರು 40 ಅಡಿ ಹಗ್ಗ, ಕುತ್ತಿಗೆಗೆ ಜಾರದ ಗಂಟು, ಮುಂಗಾಲಿನ ಹಿಂದೆ ಎದೆಗೆ ಒಂದು ಸುತ್ತು, ಕೆಚ್ಚಲಿನ ಮುಂದೆ ಹೊಟ್ಟೆಗೆ ಇನ್ನೊಂದು, ಆಮೇಲೆ ಹಿಂದಕ್ಕೆ ನೇರ ಎಳೆತ. ಸರಿಯಾಗಿದೆ. ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟುವವರು ಒಂದೇ ಹಗ್ಗದಲ್ಲಿ ಎತ್ತು ಕೆಡವುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅವರನ್ನೂ ನೆನೆಯಿರಿ. ಆದರೆ ಓದಿದವರು ನಾಳೆಯೇ ಮಾಡಿ ನೋಡುತ್ತಾರೆ ಎನ್ನುವುದನ್ನು ನೀವು ಮರೆತಿದ್ದೀರಿ. ಹೊಟ್ಟೆ ತುಂಬ ಮೇದ ದನವನ್ನು ಕೆಡವಬಾರದು. ದನದ ದೊಡ್ಡ ಹೊಟ್ಟೆ ಎಡಕ್ಕಿರುತ್ತದೆ, ಹಾಗಾಗಿ ಬಲಮಗ್ಗುಲಿಗೆ ಮಲಗಿಸುವುದು ಒಳ್ಳೆಯದು. ಅಡ್ಡ ಮಲಗಿದ ದನಕ್ಕೆ ತೇಗು ಬರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಬಾಯಿಗೆ ಬಂದ ಮೇವು ಶ್ವಾಸಕೋಶಕ್ಕೂ ಹೋಗಬಹುದು. ಕೆಲಸ ಮುಗಿದ ತಕ್ಷಣ ದನ ಎದೆಯನ್ನು ನೆಲಕ್ಕೆ ಊರಿ ಕೂರುವಂತೆ ಮಾಡಬೇಕು. ತುಂಬು ಗಬ್ಬದ ಹಸುವಿಗೆ ಈ ಕೆಲಸ ಬೇಡವೇ ಬೇಡ. ಇಷ್ಟನ್ನು ಬಿಟ್ಟು ಬರೀ ಹಗ್ಗದ ಚಿತ್ರ ಅಚ್ಚು ಮಾಡಲು ನನಗೆ ಧೈರ್ಯವಿಲ್ಲ. ಮತ್ತಿನ ಇಂಜೆಕ್ಷನ್ನಿನ ಪ್ರಮಾಣವನ್ನಂತೂ ಹೊಡೆದುಹಾಕಿದ್ದೇನೆ. ಜೈಲಜಿನ್ ಎಂಬ ಮತ್ತಿನ ಮದ್ದು ಕುದುರೆಗೆ ಬೇಕಾದದ್ದರಲ್ಲಿ ಸುಮಾರು ಹತ್ತನೇ ಒಂದು ಪಾಲು ದನಕ್ಕೆ ಸಾಕು. ಅಂಥ ಮದ್ದಿನ ಲೆಕ್ಕ ಡಾಕ್ಟರ ಕೈಯಲ್ಲೇ ಇರಲಿ.

ಪೂರ್ತಿ ಬಿಟ್ಟುಹೋಗಿರುವುದು ರೇಬೀಸ್. ದನ ಜೊಲ್ಲು ಸುರಿಸುತ್ತಿದೆ, ನುಂಗಲು ಆಗುತ್ತಿಲ್ಲ, ದನಿ ಒಡೆದಿದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕು ಎಂದು ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ಕೈಯಲ್ಲಿ ಕುಡುಗೋಲಿನ ಗೀರು ಇರುತ್ತದೆ. ಹುಚ್ಚುನಾಯಿ ಕಚ್ಚಿದ ದನವೂ ಹೀಗೇ ಮಾಡುತ್ತದೆ ಎಂದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಬಾಯಿಗೆ ಕೈ ಹಾಕಬೇಡಿ, ಡಾಕ್ಟರನ್ನು ಕರೆಯಿರಿ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಜೊಲ್ಲು ತಾಗಿದ್ದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಇದಕ್ಕೆ ಒಂದು ಪುಟ ಬೇಕಾದರೂ ತೆಗೆದುಕೊಳ್ಳಿ. ಇದೊಂದೇ ಭಾಗಕ್ಕಾಗಿಯಾದರೂ ನಾನು ಈ ಲೇಖನ ಹಾಕುತ್ತೇನೆ.

ನಾಯಿ, ಬೆಕ್ಕಿನ ಭಾಗ ತೆಗೆದುಬಿಡಿ, ಅದು ಬೇರೆಯೇ ಲೇಖನ. ಬರೆಯುವಾಗ 'ಬೆಕ್ಕನ್ನು ಕತ್ತಿನ ಚರ್ಮ ಹಿಡಿದು ಎತ್ತಬೇಕು' ಎನ್ನುವುದು ಬೇಡ. ಈಗಿನ ಪಶುವೈದ್ಯರು ಅದನ್ನು ಬಿಟ್ಟು ಟವೆಲ್ಲಿನಲ್ಲಿ ಸುತ್ತುತ್ತಾರೆ. ಏದುಸಿರು ಬಿಡುವ ನಾಯಿಯ ಬಾಯಿ ಕಟ್ಟಬಾರದು ಎನ್ನುವುದನ್ನೂ ಸೇರಿಸಿ.

1,200 ಪದ ಸಾಕು. ತಿಂಗಳ ಕೊನೆಗೆ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಸಲ ಆ ಅಜ್ಜಿಯ ಮನೆಗೆ ಹೋಗಿ ಬನ್ನಿ. ಹಸುವಿನ ಕಿವಿಯ ಹತ್ತಿರ ಅವರು ಏನೋ ಹೇಳುತ್ತಿದ್ದರು ಎಂದು ಬರೆದಿದ್ದೀರಿ. ಏನು ಹೇಳುತ್ತಿದ್ದರು, ಕೇಳಿಕೊಂಡು ಬನ್ನಿ.

ನಿಮ್ಮ,
ಸಂಪಾದಕ