ನಿವೃತ್ತರ ಕೈತೋಟ: ಎರೆ ಮಣ್ಣು, ಬಿಸಿಲು ಮತ್ತು ನಾಟಿಯ ಕಾಲ

ಪ್ರಶ್ನೆ: ಶಿಕ್ಷಕ ವೃತ್ತಿಯಿಂದ ಕಳೆದ ವರ್ಷ ನಿವೃತ್ತನಾದೆ. ರಾಯಚೂರಿನ ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಎರೆ ಮಣ್ಣಿನ (ಕಪ್ಪು ಜಿಗುಟು ಮಣ್ಣಿನ) ಜಾಗವಿದೆ. ಫೆಬ್ರುವರಿ ಕೊನೆಯಲ್ಲಿ ಟೊಮೆಟೊ ಮತ್ತು ಹೂಕೋಸಿನ ಸಸಿ ನೆಟ್ಟೆ. ಏಪ್ರಿಲ್‌ನಲ್ಲಿ ಟೊಮೆಟೊ ಹೂಗಳೆಲ್ಲ ಉದುರಿದವು, ಹೂಕೋಸು ಗಡ್ಡೆ ಕಟ್ಟಲೇ ಇಲ್ಲ. ದಿನಕ್ಕೆರಡು ಬಾರಿ ನೀರು ಹಾಕುತ್ತಿದ್ದೆ, ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನೂ ವ್ಯರ್ಥ ಮಾಡದೆ ಗಿಡಗಳಿಗೇ ಬಿಡುತ್ತಿದ್ದೆ. ತಪ್ಪಿದ್ದೆಲ್ಲಿ?
– ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಮೊದಲನೆಯದಾಗಿ, ನೀವು ನಾಟಿ ಮಾಡಿದ ತಿಂಗಳು ನಮ್ಮ ಭಾಗಕ್ಕೆ ಹೊಂದುವುದಿಲ್ಲ. ಹಗಲಿನ ತಾಪ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದೆ ಹೋದರೆ ಟೊಮೆಟೊ ಹೂವಿನ ಪರಾಗ ಕೆಟ್ಟು, ಕಾಯಿ ಕಚ್ಚದೆ ಹೂವು ಉದುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಎಷ್ಟೇ ನೀರು ಹಾಕಿದರೂ ಇದನ್ನು ತಡೆಯಲಾಗದು. ಹೂಕೋಸಂತೂ ಚಳಿಗಾಲದ ಬೆಳೆ. ಇವೆರಡನ್ನೂ ದಸರೆಯ ಆಸುಪಾಸಿನಲ್ಲಿ ನೆಟ್ಟರೆ ಸಂಕ್ರಾಂತಿಯ ಹೊತ್ತಿಗೆ ನೀವೇ ಬೆಳೆದದ್ದನ್ನು ಕೊಯ್ಯುತ್ತೀರಿ. ಮೆಂತ್ಯ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿಗೂ ಅದೇ ಕಾಲ ಒಳ್ಳೆಯದು. ಮೃಗಶಿರ ಮಳೆ ಬಿದ್ದ ಮೇಲೆ ಬೆಂಡೆ, ಚವಳಿ (ಗೋರಿಕಾಯಿ), ಹೀರೆ, ಸೌತೆ ಹಾಕಿ, ಬದನೆಯ ಸಸಿಮಡಿಯನ್ನೂ ಆಗಲೇ ಮಾಡಿಕೊಳ್ಳಿ. ಬೇಸಿಗೆಗೆ ಪುಂಡಿಪಲ್ಯ, ರಾಜಗಿರಿಯಂತಹ ಸೊಪ್ಪುಗಳನ್ನು ಇಟ್ಟುಕೊಂಡರೆ ಸಾಕು. ನಮ್ಮ ಹಿರಿಯರು ಬಿಸಿಲುಗಾಲದಲ್ಲಿ ಪುಂಡಿಪಲ್ಯವನ್ನೇ ನೆಚ್ಚಿಕೊಂಡಿದ್ದಕ್ಕೆ ರುಚಿಯಷ್ಟೇ ಕಾರಣವಲ್ಲ, ಈ ಬಿಸಿಲನ್ನು ತಾಳುವ ಗುಣ ಅದಕ್ಕಿದೆ.

ಎರಡನೆಯದು ನೀರಿನ ವಿಷಯ. ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಬೋರ್‌ವೆಲ್ ನೀರಿನ ಉಪ್ಪಿನಂಶವೆಲ್ಲ ಇನ್ನಷ್ಟು ಸಾಂದ್ರವಾಗಿರುತ್ತದೆ. ನೀರು ಬೇಗ ಬಸಿಯದ ಎರೆ ಮಣ್ಣಿನಲ್ಲಿ ಆ ಉಪ್ಪು ಅಲ್ಲೇ ಉಳಿದು ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಬೆಳಿಗ್ಗೆ ಹೋಗಿ ಮಡಿಯ ಅಂಚನ್ನು ನೋಡಿ. ಅಲ್ಲಿ ಸುಣ್ಣ ಚಿಮುಕಿಸಿದಂತೆ ಬಿಳಿ ಪುಡಿ ಕಂಡರೆ ಮಣ್ಣು ಸವಳಿನ, ಅಂದರೆ ಉಪ್ಪು ಹೆಚ್ಚಾದ ನೆಲದ ಕಡೆಗೆ ತಿರುಗುತ್ತಿದೆ ಎಂದೇ ತಿಳಿಯಿರಿ. ನೀರನ್ನು ವ್ಯರ್ಥ ಮಾಡಬಾರದೆಂಬ ನಿಮ್ಮ ಕಾಳಜಿ ದೊಡ್ಡದು, ಆದರೆ ಆ ನೀರು ಅಂಗಳ ತೊಳೆಯಲು, ಶೌಚಾಲಯಕ್ಕೆ ಬಳಕೆಯಾಗಲಿ. ಗಿಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಳ್ಳೆಯದು. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಒಂದು ತೊಟ್ಟಿಗೆ ಇಳಿಸಿಕೊಳ್ಳಿ.

ಮುಂದಿನ ಹಂಗಾಮಿಗೆ ಇಡೀ ಜಾಗಕ್ಕೆ ಕೈ ಹಾಕಬೇಡಿ. 4 ಅಡಿ ಅಗಲ, 10 ಅಡಿ ಉದ್ದದ ಎರಡು ಏರುಮಡಿಗಳು ಸಾಕು. ಅಷ್ಟು ಅಗಲವಿದ್ದರೆ ಮಡಿಯನ್ನು ತುಳಿಯದೆಯೇ ಎರಡೂ ಕಡೆಯಿಂದ ನಡುವಿನವರೆಗೆ ಕೈ ಎಟುಕುತ್ತದೆ. ಮಣ್ಣು ಸಡಿಲವಾಗಲೆಂದು ಮರಳು ಸುರಿಯುವವರನ್ನು ನೋಡಿದ್ದೇನೆ. ಎರೆ ಮಣ್ಣಿಗೆ ಸ್ವಲ್ಪ ಮರಳು ಸೇರಿದರೆ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುವುದೇ ಹೆಚ್ಚು. ಅದರ ಬದಲು ಒಂದು ಮಡಿಗೆ 20 ಕಿಲೊದಷ್ಟು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಅಗೆಯುವ ಮುನ್ನ ಹದ ನೋಡುವುದು ಬಹಳ ಮುಖ್ಯ: ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಪುಡಿಯಾಗಿ ಚದುರಿದರೆ ಹದವಿದೆ. ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡರೆ ಇನ್ನೂ ಎರಡು ದಿನ ಕಾಯಬೇಕು, ಇಲ್ಲವಾದರೆ ಹೆಂಟೆಗಳಾಗಿ ಒಣಗಿ ಸಲಿಕೆಗೂ ಬಗ್ಗುವುದಿಲ್ಲ.

ದಿನಕ್ಕೆರಡು ಬಾರಿ ನೀರು ಎರೆ ಮಣ್ಣಿಗೆ ಬೇಕಿಲ್ಲ, ಬೇರು ಉಸಿರುಗಟ್ಟುತ್ತದೆ. ಕುಂಬಾರರ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳ ಹಾಕಿ, ಸುತ್ತಲೂ ಹೀರೆ ಅಥವಾ ಸೌತೆ ಬೀಜ ಊರಿ. ಗಡಿಗೆಯ ಗೋಡೆಯಿಂದ ಜಿನುಗುವ ತೇವವನ್ನು ಬೇರುಗಳೇ ಹುಡುಕಿಕೊಂಡು ಬರುತ್ತವೆ. ಮಡಿಯ ಮೇಲೆ ಎರಡು ಮೂರು ಅಂಗುಲ ಭತ್ತದ ಹುಲ್ಲು ಹಾಸಿದರೆ ನೆಲ ಬಿರಿಯುವುದೂ ಕಡಿಮೆಯಾಗುತ್ತದೆ. ಸಿಂಧನೂರು ಸೀಮೆಯಲ್ಲಿ ಈ ಹುಲ್ಲಿಗೆ ಬರವಿಲ್ಲ.

ಪ್ರಶ್ನೆ: ನನಗೆ 61 ವರ್ಷ, ಮೊಣಕಾಲು ನೋವಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಾಳಿಗೆಯ ಮೇಲೆ ತರಕಾರಿ ಬೆಳೆಯುವ ಆಸೆ. ಮಕ್ಕಳು ಬೇಡವೆನ್ನುತ್ತಾರೆ.
– ನಿವೃತ್ತ ನರ್ಸ್, ಬಳ್ಳಾರಿ

ಉತ್ತರ: ತಾಯಿ, ಆಸೆಯನ್ನು ಬಿಡಬೇಡಿ. ಆದರೆ ಮಕ್ಕಳ ಆತಂಕದಲ್ಲಿ ಎರಡು ಸಂಗತಿಗಳು ನಿಜ. ಮೊದಲನೆಯದು ಭಾರ. ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 45ರಿಂದ 50 ಕಿಲೊ ತೂಗುತ್ತದೆ. ಮಾಳಿಗೆಯ ನಡುವೆ ಮಣ್ಣು ತುಂಬಿದ ತೊಟ್ಟಿ ಕಟ್ಟುವುದು ಅಪಾಯ. ಎಂಜಿನಿಯರ್ ಒಬ್ಬರಿಗೆ ತೋರಿಸಿ, ತೊಲೆ ಮತ್ತು ಗೋಡೆಗಳ ಮೇಲೆ ಬರುವಂತೆ ಗಿಡ ಬೆಳೆಸುವ ಬ್ಯಾಗುಗಳನ್ನಿಟ್ಟು, ತೆಂಗಿನ ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರವನ್ನು ಹೆಚ್ಚಾಗಿ ಬೆರೆಸಿ ಭಾರ ತಗ್ಗಿಸಿ. ಬ್ಯಾಗುಗಳು ಎರಡೂವರೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿದ್ದರೆ ಕುಕ್ಕರುಗಾಲಿನಲ್ಲಿ ಕೂರುವ ಪ್ರಮೇಯವೇ ಬರುವುದಿಲ್ಲ. ಬೇಸಿಗೆಗೆ ಶೇ 50ರಷ್ಟು ಬಿಸಿಲು ತಡೆಯುವ ನೆರಳು ಪರದೆ ಬೇಕೇ ಬೇಕು.

ಎರಡನೆಯದು ನಿಮ್ಮ ಆರೋಗ್ಯ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರದ ಮೂಲಕ ದೇಹದ ನೀರನ್ನು ಹೊರಹಾಕುತ್ತವೆಂಬುದು ನಿಮಗೆ ತಿಳಿದದ್ದೇ. ಬಳ್ಳಾರಿಯ ಬಿಸಿಲಿನಲ್ಲಿ ಬೆವರೂ ಸೇರಿದರೆ ತಲೆ ಸುತ್ತು ಬರಬಹುದು. ಆದ್ದರಿಂದ ಬೆಳಿಗ್ಗೆ 8ರೊಳಗೆ ಕೆಲಸ ಮುಗಿಸಿ, ವೈದ್ಯರಿಗೂ ಒಂದು ಮಾತು ಹೇಳಿ. ತುಂಬಿದ ಕೊಡ ಹೊತ್ತು ಮೆಟ್ಟಿಲೇರಬೇಡಿ, ಮೇಲೊಂದು ನಲ್ಲಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ಬೆಂಡೆಯ ಎಲೆಗಳು ಹಳದಿಯಾಗುತ್ತಿವೆ. ಯಾವ ಗೊಬ್ಬರ ಹಾಕಲಿ?
– ನಿವೃತ್ತ ಅಂಚೆ ನೌಕರರು, ಕೊಪ್ಪಳ

ಉತ್ತರ: ಗೊಬ್ಬರ ಹಾಕುವ ಮೊದಲು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ನಮ್ಮ ಮಣ್ಣಿನಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ, ಸಂಜೆ ಸಿಂಪಡಿಸಿ. ಇದಕ್ಕೆ ತದ್ವಿರುದ್ಧವಾಗಿ ಎಲೆ ಹಸಿರಾಗಿದ್ದು ನರಗಳು ಬಲೆಯಂತೆ ಹಳದಿಯಾಗಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ. ಅದಕ್ಕೆ ಔಷಧವಿಲ್ಲ. ಮನಸ್ಸಿಗೆ ಕಷ್ಟವಾದರೂ ಅಂತಹ ಗಿಡವನ್ನು ಇಂದೇ ಕಿತ್ತು ಸುಟ್ಟುಬಿಡಿ. ಉಳಿದವುಗಳಿಗೆ, 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಳಿನೊಣ ಕೂರುವುದು ಅಲ್ಲಿಯೇ.