ಬಾರ್‌ಕೋಡ್ ಕೆಟ್ಟಿರುವುದು ಎಕ್ಸೆಲ್‌ನಲ್ಲಿ, ಸಾಫ್ಟ್‌ವೇರ್‌ನಲ್ಲಲ್ಲ

ಸರಬರಾಜುದಾರರು ಕಳಿಸಿದ ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಸ್ಟಾಕ್ ಸಾಫ್ಟ್‌ವೇರ್‌ಗೆ ಹಾಕಿದಾಗ ಅರ್ಧದಷ್ಟು ಐಟಂಗಳು "ಕೋಡ್ ಸಿಗಲಿಲ್ಲ" ಎನ್ನುತ್ತಿವೆ ಅಂದಿರಿ. ನೀವು ಅದನ್ನು ಮೊದಲು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದೀರಿ, ಎಡವಟ್ಟಾಗಿರುವುದು ಬಹುತೇಕ ಅಲ್ಲೇ. ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಕೋಡನ್ನು ಸಂಖ್ಯೆ ಅಂದುಕೊಳ್ಳುತ್ತದೆ: 00457 ಇದ್ದದ್ದು 457 ಆಗುತ್ತದೆ, 13 ಅಂಕಿಯ ಬಾರ್‌ಕೋಡ್ 8.9E+12 ತರಹ ಕಾಣುತ್ತದೆ. ಹಾಗೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಕಂಡಷ್ಟೇ ಉಳಿಯುತ್ತದೆ, ಮಿಕ್ಕ ಅಂಕಿಗಳು ಹೋದಂತೆಯೇ. ಆಮೇಲೆ ಕಾಲಂ ಫಾರ್ಮ್ಯಾಟ್ ಬದಲಿಸಿದರೂ ವಾಪಸ್ ಬರುವುದಿಲ್ಲ.

ಆದ್ದರಿಂದ ಮೂಲ ಫೈಲನ್ನೇ ಮತ್ತೆ ತೆಗೆದುಕೊಳ್ಳಿ. ಖಾಲಿ ಶೀಟ್‌ನಲ್ಲಿ ಡೇಟಾ ಮೆನುವಿನ "ಫ್ರಮ್ ಟೆಕ್ಸ್ಟ್/ಸಿಎಸ್‌ವಿ" ಮೂಲಕ ತರಿಸಿ, ಟ್ರಾನ್ಸ್‌ಫಾರ್ಮ್ ಒತ್ತಿ, ಕೋಡ್ ಕಾಲಮನ್ನು "ಟೆಕ್ಸ್ಟ್" ಮಾಡಿ. ಕೇಳಿದರೆ "ರೀಪ್ಲೇಸ್ ಕರೆಂಟ್" ಕೊಡಿ, ಆಮೇಲೆ "ಕ್ಲೋಸ್ & ಲೋಡ್" ಒತ್ತಿ ಶೀಟ್‌ಗೆ ತನ್ನಿ. ಸೇವ್ ಮಾಡುವಾಗ "ಸಿಎಸ್‌ವಿ ಯುಟಿಎಫ್-8" ಆರಿಸಿ, ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಸರಿಯಾಗಿದೆಯೇ ಎಂದು ನೋಟ್‌ಪ್ಯಾಡ್‌ನಲ್ಲೇ ನೋಡಿ, ಎಕ್ಸೆಲ್‌ನಲ್ಲಿ ಮತ್ತೆ ತೆರೆಯಲೇಬೇಡಿ.

ಇನ್ನೊಂದು ಮುಖ್ಯ ಮಾತು: ಬ್ಯಾಕಪ್ ತೆಗೆದು ಮೊದಲು ಐದೇ ಸಾಲು ಹಾಕಿ ನೋಡಿ. ಕೆಲವು ಸಾಫ್ಟ್‌ವೇರ್‌ಗಳು ಫೈಲ್‌ನ ಪ್ರಮಾಣವನ್ನು ಇದ್ದ ಸ್ಟಾಕ್‌ಗೆ ಕೂಡಿಸುತ್ತವೆ, ಕೆಲವು ಅದರ ಜಾಗದಲ್ಲೇ ಬರೆಯುತ್ತವೆ. ಕೂಡಿಸುವಂಥದ್ದಾದರೆ, ಈಗಾಗಲೇ ಒಳಹೋದ ಸಾಲುಗಳನ್ನು ಮತ್ತೆ ಹಾಕಿದಾಗ ಅವುಗಳ ಪ್ರಮಾಣ ಸ್ಟಾಕ್‌ಗೆ ಎರಡು ಸಲ ಸೇರುತ್ತದೆ.