ಗೊಬ್ಬರ ಸಾಕು, ಬಿತ್ತುವ ಕಾಲ ಬದಲಿಸಿ

ಶಿರಾದ ಓದುಗರೊಬ್ಬರ ಪತ್ರ: “ಬೇಸಿಗೆಯಲ್ಲಿ ಟೊಮೆಟೊ ಮೈತುಂಬ ಹೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಮೆಣಸಿನ ಗಿಡದ ಎಲೆ ಮುದುರಿದೆ. ನಿಂಬೆ ಅಕಾಲದಲ್ಲಿ ಹೂ ಬಿಟ್ಟು ಹೀಚನ್ನೆಲ್ಲ ಉದುರಿಸುತ್ತದೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿದ್ದಾಯಿತು. ಇನ್ನೇನು ಹಾಕಲಿ? ಬಟ್ಟೆ ಒಗೆದ ನೀರು ಹಾಕಬಹುದೇ?”

ಸಂಪಾದಕರ ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ಒಣಗಿದ ಮಣ್ಣಿಗೆ ಗೊಬ್ಬರ ಸುರಿದರೆ ಬೇರಿಗೆ ಇನ್ನಷ್ಟು ಸಂಕಟ.

ಹಗಲಿನ ಬಿಸಿಲು 35 ಡಿಗ್ರಿ ದಾಟಿ, ರಾತ್ರಿಯೂ 24–25ರಿಂದ ಕೆಳಗಿಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂ ತೊಟ್ಟಿನ ಸಮೇತ ಕಳಚಿ ಬೀಳುತ್ತದೆ. ನಿಮ್ಮ ಕುಂಡಗಳು ಕಾಂಪೌಂಡ್ ಗೋಡೆಗೆ ಒತ್ತಿಕೊಂಡಿದ್ದರೆ ಮೊದಲು ದೂರ ಸರಿಸಿ. ಹಗಲೆಲ್ಲ ಕಾದ ಸಿಮೆಂಟು ರಾತ್ರಿಯೂ ಬಿಸಿ ಉಗುಳುತ್ತದೆ. ಟೊಮೆಟೊ ಬೀಜವನ್ನು ಆಗಸ್ಟ್ ಕೊನೆಗೆ ಚೆಲ್ಲಿ, ಚಳಿ ಶುರುವಾಗುವ ಹೊತ್ತಿಗೆ ಹೂ ಬರುವಂತೆ ನೋಡಿಕೊಳ್ಳಿ. ಬೇಸಿಗೆಗೆ ಗೋರಿಕಾಯಿ, ಅಲಸಂದೆ, ಬೆಂಡೆ ಸಾಕು. ಏಪ್ರಿಲ್‌ನಲ್ಲಿ ಟೊಮೆಟೊ ಬೇಕೇ ಬೇಕೆನ್ನುವ ಹಟ ಸಂತೆಯಲ್ಲಿ ತೀರಿಸಿಕೊಳ್ಳುವುದೇ ಅಗ್ಗ.

ಮೆಣಸಿನ ಎಲೆ ಮೇಲಕ್ಕೆ ದೋಣಿಯಂತೆ ಮಡಚಿದೆಯೋ, ಕೆಳಕ್ಕೆ ಬಾಗಿದೆಯೋ ನೋಡಿ. ಮೇಲಕ್ಕಾದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೆಳಕ್ಕಾದರೆ ಮೈಟ್ ನುಸಿ. ಒಣ ಹವೆಯಲ್ಲಿ ಥ್ರಿಪ್ಸ್‌ಗೆ ಸುಗ್ಗಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪಿನ ನೀರು ಕಲಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ನಿಂಬೆಯದು ಬೇರೆ ಕತೆ. ತೋಟದವರು ಬೇಕೆಂದೇ ಕೆಲವು ವಾರ ನೀರು ನಿಲ್ಲಿಸಿ, ಮರ ಬಾಡಿಸಿ, ಆಮೇಲೆ ನೀರು ಕೊಟ್ಟು ಹೂ ಬಿಡಿಸುತ್ತಾರೆ. ಈಗ ಆ ಕೆಲಸವನ್ನು ಹವಾಮಾನವೇ ಮಾಡುತ್ತಿದೆ. ತಿಂಗಳುಗಟ್ಟಲೆ ಒಣಗಿಸಿ, ಒಂದು ಅಕಾಲ ಮಳೆ ಸುರಿಸಿ ಹೊರಟುಹೋದರೆ ಮರ ನಂಬಿ ಹೂ ಬಿಡುತ್ತದೆ. ಮತ್ತೆ ನೀರಿಲ್ಲದೆ ಹೀಚು ಉದುರುತ್ತದೆ. ಹೂ ಕಂಡ ದಿನದಿಂದ ನೀರು ತಪ್ಪಿಸಬೇಡಿ.

ದಿನಾ ಸಂಜೆ ಪೈಪ್ ಹಿಡಿದು ಮಣ್ಣು ಒದ್ದೆ ಮಾಡುವ ಅಭ್ಯಾಸವಿದ್ದರೆ ಬಿಡಿ. ಬೇರು ಮೇಲ್ಪದರದಲ್ಲೇ ಉಳಿದು ಬಿಸಿಲಿಗೆ ಬೇಯುತ್ತದೆ. ನೆಲದ ಗಿಡಗಳಿಗೆ ವಾರಕ್ಕೆರಡು ಸಲ ಗೇಣುದ್ದ ಇಳಿಯುವಷ್ಟು ಕೊಡಿ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷ ಬಂದರೆ ಬೋರ್‌ವೆಲ್ ಆಳಕ್ಕಿಳಿಯುತ್ತದೆ. ಆ ನೀರು ಹಲವು ಕಡೆ ಉಪ್ಪು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ, ಎಲೆಯ ತುದಿ ಕರಟಿದರೆ ಇದೇ ಗುರುತು. ಮಳೆನೀರೇ ಅದಕ್ಕೆ ಮದ್ದು. 30×40 ಸೈಟಿನಷ್ಟು ಅಗಲದ ತಾರಸಿಗೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 2,200 ಲೀಟರ್. ಅದರಲ್ಲಿ ಎರಡು ಡ್ರಮ್ ಹಿಡಿದರೂ ಕುಂಡಗಳ ಉಪ್ಪು ತೊಳೆಯಬಹುದು.

ಬಟ್ಟೆ ನೆನೆಸಿದ ಮೊದಲ ನೀರು ಮೋರಿಗೇ ಹೋಗಲಿ, ಅದರಲ್ಲಿ ಸೋಡಿಯಂ ಜಾಸ್ತಿ. ಕೊನೆಯ ಸಲ ಜಾಲಿಸಿದ ನೀರನ್ನು ಬಾಳೆಗೆ, ತೆಂಗಿಗೆ ಹಾಕಿ. ಸೊಪ್ಪಿನ ಮಡಿಗೆ ಬೇಡ. ಅಕ್ಕಿ, ಬೇಳೆ ತೊಳೆದ ನೀರನ್ನು ಯಾವ ಗಿಡಕ್ಕಾದರೂ ಹಾಕಬಹುದು.